ಸೀಟಿಗೆ ಓಗೊಟ್ಟದ್ದು

ಮಂಜುಗಡ್ಡೆಯ ಬಕೆಟ್ಟಿನಲ್ಲಿ ಬೆರಳು ಎಲ್ಲಿ ಮುಗಿದು ಬಂಗುಡೆ ಎಲ್ಲಿ ಶುರುವಾಗುತ್ತದೆಂದು ತರಬೇತುಗಾರ್ತಿ ಚಿಜುರುವಿಗೆ ತಿಳಿಯುತ್ತಿಲ್ಲ, ತಿಳಿಯಬೇಕೆಂದೂ ಇಲ್ಲ, ಕೊಳದ ಆಚೆ ತುದಿಯಲ್ಲಿ ಶಿಜುಕು ಹಣೆಯನ್ನು ಕಬ್ಬಿಣದ ಗೇಟಿಗೆ ಒತ್ತಿಕೊಂಡು ತೇಲುತ್ತಿದ್ದಾಳೆ, ಅಷ್ಟು ದೊಡ್ಡ ಓರ್ಕಾ ತಿಮಿಂಗಿಲ, ಅಲುಗದ ಕಪ್ಪು ಮೈ, ಅವಳ ಮರಿಯನ್ನು ಟ್ರಕ್ಕಿಗೆ ಏರಿಸಿದ ಬೆಳಿಗ್ಗೆಯಿಂದ ಹೀಗೇ — ಮಾಮೆ, ಅಂದರೆ ಕಾಳು, ಅಂತ ಮರಿಗೆ ಹೆಸರಿಟ್ಟವಳು ಚಿಜುರುವೇ, ಮಾಮೆಯ ಮುಖದ ಬನ್ನು ಗ್ಯಾಲರಿಯಲ್ಲಿ ಇನ್ನೂ ಮಾರುತ್ತಿದ್ದಾರೆ, ಒಳಗೆ ಸಿಹಿ ಹೂರಣ, ಮಕ್ಕಳು ಮೊದಲು ಬಾಲ ಕಚ್ಚುತ್ತಾರೆ, ನೀನಂತೂ ಹೆರಲಿಲ್ಲ, ನಿನ್ನ ಆ ಮೀನಾದ್ರೂ ನಂಗೊಂದು ಮೊಮ್ಮಗು ಕೊಡ್ತಲ್ಲ, ಅಂದಿದ್ದಳು ಅಮ್ಮ ಫೋನಿನಲ್ಲಿ, ಮೀನಲ್ಲಮ್ಮ ಅದು, ಮೊಲೆಯುಣಿಸುತ್ತೆ, ಮತ್ತೆ ಕೈ ಮಂಜುಗಡ್ಡೆಗೆ, ಚಳಿ ಕೂಡ ಇಲ್ಲ. ಮೊನ್ನೆ ಪಾರ್ಕಿನಲ್ಲಿ ಸತ್ತ ಪ್ರಾಣಿಗಳಿಗೆ ವರ್ಷದ ಪೂಜೆ, ಗುರುಗಳು ಮಂತ್ರ ಹೇಳುತ್ತಿದ್ದರು, ಸೀಲಿಗೆ, ಪೆಂಗ್ವಿನ್ನಿಗೆ, ಮೇವಾದ ಮೀನುಗಳಿಗೆಲ್ಲ ಧೂಪದ ಪುಡಿ ಹಾಕಿ ಬಗ್ಗಿ ಎದ್ದರೂ ಅವಳ ಬೆರಳು ತಾನಾಗಿ ಇನ್ನೊಂದು ಚಿಟಿಕೆ ಎತ್ತಿತ್ತು, ಪಕ್ಕದಲ್ಲಿ ಮೇಲ್ವಿಚಾರಕ ಇವಾನೆ-ಸಾನ್, ಯಾರಿಗಮ್ಮ ಅದು, ಮಾಮೆಗೆ, ಅಯ್ಯೋ ಅದು ಸತ್ತಿಲ್ಲ ಕಣಮ್ಮ, ಉತ್ತರದ ಪಾರ್ಕಲ್ಲಿ ನಮಗಿಂತ ಚೆನ್ನಾಗಿ ತಿಂತಿದೆಯಂತೆ, ಬದುಕಿರೋರಿಗೆ ಧೂಪ ಹಾಕ್ಬೇಡ — ಚಿಟಿಕೆಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡಳು, ಈಗಲೂ ಅಲ್ಲೇ ಇದೆ, ಒದ್ದೆಯಾಗಿ.

ಆ ಬೆಳಿಗ್ಗೆ ಮಾಮೆ ಪಕ್ಕದ ಕೊಳಕ್ಕೆ ಹೋಗಲೊಲ್ಲದು, ಬಲೆಗೂ ಸಿಗದು, ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಸುತ್ತುತ್ತಿತ್ತು, ಆಗ ಚಿಜುರು ಇದೇ ಗೇಟಿನಾಚೆ ನಿಂತು ಸೀಟಿ ಊದಿದಳು, ಸೀಟಿ ಅಂದರೆ ಭೇಷ್, ಬಾ, ಮೀನು ತಗೋ, ಹುಟ್ಟಿದಾಗಿನಿಂದ ಅವಳೇ ಕಲಿಸಿದ್ದು, ಮರಿ ನಂಬಿ ಬಂತು, ಹಿಂದೆ ಗೇಟು ಬಿತ್ತು, ತಾಯಿಯೂ ಆ ಸೀಟಿ ಕೇಳಿದ್ದಳು. ಅಂದಿನಿಂದ ಪ್ರದರ್ಶನ ನಿಂತಿತ್ತು, ಸೀಟಿಯೂ. ಈಗ ಮತ್ತೆ ಪ್ರದರ್ಶನದ ಸಂಗೀತ ಶುರುವಾಗಿದೆ, ಇವಾನೆ-ಸಾನ್ ಪಕ್ಕಕ್ಕೆ ಬಂದು, ಊದಮ್ಮ, ಇಲ್ಲಾಂದ್ರೆ ಆ ಬಂಗುಡೆ ನಾನೇ ತಿಂತೀನಿ ನೋಡು, ಆಮೇಲೆ ದನಿ ತಗ್ಗಿಸಿ, ಇವತ್ತು ಬರ್ಲಿಲ್ಲ ಅಂದ್ರೆ ಇವಳನ್ನೂ ಎಲ್ಲಿಗಾದ್ರೂ ಕಳಿಸ್ತಾರಂತೆ, ಮರಿ ಇರೋ ಕಡೆಗಾ, ಇಲ್ಲಮ್ಮ, ಅಲ್ಲಿ ಜಾಗ ಇಲ್ವಂತೆ. ತುಟಿಗೂ ಜೋಮು, ಸೀಟಿ ಇದೆಯೋ ಇಲ್ಲವೋ, ಉಸಿರು ಬಿಟ್ಟಳು, ಸದ್ದು ಬಂತು, ಶಿಜುಕುವಿನ ಮೈ ಒಮ್ಮೆ ನಡುಗಿತು, ಗೇಟು ಬಿಟ್ಟು ಹಿಂದೆ ಸರಿದಳು, ಬಂದಳು ಬಂದಳು ಅಂದರು ಇವಾನೆ-ಸಾನ್, ಬರಲಿಲ್ಲ, ಸರಿದದ್ದು ರಭಸದಿಂದ ಬಂದು ಗೇಟಿಗೆ ಗುದ್ದಲಿಕ್ಕೆ, ಸೀಟಿ ಕೇಳಿದರೆ ಆ ಗೇಟಿನಾಚೆ ಮರಿ ಇರಬೇಕು, ಹಣೆ ಕಬ್ಬಿಣಕ್ಕೆ ಬಡಿದು ನೀರು ಚಿಮ್ಮಿತು, ಗ್ಯಾಲರಿ ಚಪ್ಪಾಳೆ ತಟ್ಟಿತು, ಆಟ ಅಂದುಕೊಂಡು, ಇನ್ನೊಂದ್ಸಲ ಊದು, ಊದಿದಳು, ಹಣೆ, ಗೇಟು, ಚಪ್ಪಾಳೆ, ಹಣೆಯಲ್ಲಿ ಚರ್ಮ ಸುಲಿದು ಬೆಳ್ಳಗಾದ ಜಾಗ, ಇನ್ನೊಂದ್ಸಲ, ಹಣೆ, ಗೇಟು —