ವಿಮಾನದ ಕೀ

ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ, ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಶೈಲಾ ಡ್ರಮ್ ತುಂಬಿಸಿ, ಆಸ್ಪತ್ರೆಯವರು ಕೊಟ್ಟಿದ್ದ ಬಟ್ಟೆಯ ಚೀಲವನ್ನು ಬಚ್ಚಲಲ್ಲಿ ಬಿಚ್ಚಿದಳು.

"ಆ ಅರಿವಿ ಈಗ್ಯಾಕ ತಗದೀ ಯವ್ವಾ?" ಅತ್ತೆ ಭಾಗವ್ವ ಕೇಳಿದಳು.

"ನೀರು ಬಂದದ, ಅತ್ತಿ."

ಶೈಲಾಳ ಗಂಡ ಶರಣು ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದ. ಹದಿಮೂರು ದಿನದ ಹಿಂದೆ ಒಂದು ಎಂಜಿನ್ ಪೆಟ್ರೋಲು ಹೆಚ್ಚು ಕುಡಿದು ಸ್ಟಾರ್ಟ್ ಆಗದೆ ನಿಂತಿತ್ತು. ಆ ಪೆಟ್ರೋಲನ್ನು ಹೊರಹಾಕಲು ಪ್ರೊಪೆಲರನ್ನು ಕೈಯಿಂದ ತಿರುಗಿಸಿದ. ಎಂಜಿನ್ ಹೊತ್ತಿಕೊಂಡಿತು, ಪ್ರೊಪೆಲರ್ ತಿರುಗಿ ಅವನಿಗೆ ಬಡಿಯಿತು. ಕೀ ಆನ್‌ನಲ್ಲೇ ಬಿಟ್ಟು ಮರೆತಿದ್ದ ಎಂದು ಕ್ಲಬ್ಬಿನವರು ಬರೆದಿದ್ದರು. ಆ ಕಾಗದಕ್ಕೆ ಇವತ್ತು ಅವಳ ಸಹಿ ಬೇಕಿತ್ತು.

ಅವಳು ಅದನ್ನು ನಂಬಿದ್ದಳು. ಆ ಬೆಳಿಗ್ಗೆ ಜಗಳವಾಡಿ, ಊಟದ ಡಬ್ಬಿ ಕಟ್ಟಿಕೊಡದೆ ಕಳಿಸಿದ್ದಳು. ಅವನ ತಲೆ ಕೆಡಿಸಿದವಳು ತಾನೇ. ಇದನ್ನು ಯಾರಿಗೂ ಹೇಳಿರಲಿಲ್ಲ.

ಪ್ಯಾಂಟು ಹಿಂಡುವಾಗ ಕಿಸೆಯಲ್ಲಿ ಗಟ್ಟಿಯಾಗಿ ಏನೋ ತಾಗಿತು. ಕೆಂಪು ಪಟ್ಟಿ ಕಟ್ಟಿದ ಚಿಕ್ಕ ಕೀ.

ಮದುವೆಯಾದ ಹೊಸದರಲ್ಲಿ ಶರಣು ಗ್ಯಾಸ್ ಒಲೆಯ ಮುಂದೆ ಕೂತು ಹೇಳಿದ್ದ: ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಬಿಡುವ ಪಂಪು ಮೂರು ಸಲ ಒತ್ತಿದರೆ ಸಾಕು, ಪ್ರೊಪೆಲರ್ ಮುಟ್ಟುವ ಮುಂಚೆ ಕೀ ತೆಗೆದು ನಮ್ಮ ಕಿಸೆಗೇ ಹಾಕಿಕೊಳ್ಳಬೇಕು, ಅಣ್ಣ ತಮ್ಮನಿದ್ದರೂ ಅವರ ಕೈಗೆ ಕೊಡಬಾರದು.

ಆಂಟಾಪ್ ಹಿಲ್‌ನಿಂದ ವಡಾಲಾ ಸ್ಟೇಷನ್ನಿನವರೆಗೆ ನಡೆದು ಲೋಕಲ್ ರೈಲು ಹಿಡಿದಳು. ಕ್ಲಬ್ಬಿನ ಎಂಜಿನಿಯರ್ ಶೇಖರ ಉಡುಪಿಯವರು. ಆ ಕಾಗದ ಬರೆದವರೂ ಅವರೇ. ಪೆನ್ನು ಕೊಡಲು ಬಂದವರು ಕಾಗದದ ಮೇಲೆ ಅವಳಿಟ್ಟ ಕೀ ನೋಡಿ ಕುಳಿತುಬಿಟ್ಟರು.

"ಎಲ್ಲಿತ್ತು ಇದು?"

"ಅವರ ಕಿಸೇದಾಗ."

ಕೀ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ, ಗಡಿಬಿಡಿಯಲ್ಲಿ ಯಾರೋ ತೆಗೆದಿರಬೇಕು ಅಂದುಕೊಂಡೆವು ಎಂದರು.

"ಕೀ ತಗದಿದ್ರ ಎಂಜಿನ್ ಹ್ಯಾಂಗ ಹೊತ್ತಿಕೊಂಡ್ತು, ಸರ್?"

ಅವರು ಕನ್ನಡಕ ತೆಗೆದರು. "ಎಂಜಿನ್ನಿನ ಕಿಡಿ ನಿಲ್ಲಿಸೋದು ಸ್ವಿಚ್ಚಿನ ಹಿಂದಿನ ವಯರ್. ಅದು ಕಡಿದಿದ್ರೆ ಕೀ ತೆಗೆದ್ರೂ ಹೊತ್ತಿಕೊಳ್ತದೆ. ಅವ ಮರೆತದ್ದಲ್ಲಮ್ಮ. ಆ ವಯರ್ ನೋಡ್ಬೇಕಿದ್ದವ ನಾನು."

ಶೇಖರ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಬರೆದ ಸಾಲನ್ನು ಹೊಡೆದು ಹಾಕಿದರು.

ಶೈಲಾ ಕೀ ಕೊಟ್ಟು ಪಡೆಯುವ ರಿಜಿಸ್ಟರ್ ಕೇಳಿದಳು. ಆ ದಿನದ ಸಾಲಿನಲ್ಲಿ ಪಡೆದದ್ದು, ಆರು ನಲವತ್ತು: ಶರಣುವಿನ ಓರೆ ಅಕ್ಷರ. ಪಕ್ಕದಲ್ಲಿ ಮರಳಿಸಿದ್ದು ಎಂಬ ಕಾಲಂ ಖಾಲಿಯಿತ್ತು. ಗೋಡೆ ಗಡಿಯಾರ ನೋಡಿ, ಅಲ್ಲಿ ಹತ್ತು ಇಪ್ಪತ್ತು ಎಂದು ಬರೆದಳು.

ಕೀಯನ್ನು ಗೋಡೆಯ ಮೇಲೆ ಕೀಗಳಿಗಿದ್ದ ಮೊಳೆಗೆ ತೂಗುಹಾಕಿದಳು. ಒದ್ದೆ ಪಟ್ಟಿಯ ಕೆಂಪು ಬಣ್ಣ ಸುಣ್ಣದ ಗೋಡೆಗೆ ತೆಳ್ಳಗೆ ಹತ್ತಿತು.