ಕೆಂಪಿಟ್ಟಿಗೆ ತಂಡದ ಮೃದುಲಾ

ಮುಳಬಾಗಿಲಿನ ಕೃಷ್ಣಮೂರ್ತಿಗಳು ಮಗಳು ಮೃದುಲಾಗೆ ಹಾರ್ಮೋನಿಯಂ ಕಲಿಸಿದ್ದು ಭಜನೆಗೆಂದು. ೧೯೯೩ರಲ್ಲಿ ಮಾಲೂರಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದವಳು ಅಲ್ಲಿ ಕೆಂಪಿಟ್ಟಿಗೆ ಎಂಬ ರಾಕ್ ತಂಡ ಸೇರಿ ಕೀಬೋರ್ಡ್ ನುಡಿಸತೊಡಗಿದಳು. ತಂಡ ಕಟ್ಟಿದವನು ಶಿವಶಂಕರ್, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಹಾಡೂ ಅವನದೇ, ಗಿಟಾರೂ ಅವನದೇ. ಅವನ ಅಪ್ಪನ ಇಟ್ಟಿಗೆ ಗೂಡಿನ ಪಕ್ಕದ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಅಭ್ಯಾಸ. ಮುಗಿಸಿ ಮನೆಗೆ ಬಂದರೆ ಕೀಗಳ ಸಂದಿಯಲ್ಲಿ ಕೂತ ಧೂಳನ್ನು ಬ್ರಷ್ಷಿನಿಂದ ತೆಗೆಯುವುದೇ ಒಂದು ಗಂಟೆಯ ಕೆಲಸ.

ಬೇಸ್ ಗಿಟಾರಿನವನು ಸಿಗದ ಮೊದಲೆರಡು ವರ್ಷ ಅವನ ತಗ್ಗು ಸ್ವರಗಳನ್ನೂ ಅವಳ ಎಡಗೈಯೇ ನುಡಿಸಿತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಎಂದು ಹನ್ನೊಂದು ವರ್ಷ ಕಾಲೇಜುಗಳಲ್ಲಿ ನುಡಿಸಿದಳು. ಯಾರಾದರೂ ಕೇಳಿದರೆ ಕೃಷ್ಣಮೂರ್ತಿಗಳು ಮಗಳು ಸಂಗೀತದಲ್ಲಿದ್ದಾಳೆ ಎನ್ನುತ್ತಿದ್ದರು. ಯಾವ ಸಂಗೀತ ಎಂದು ಹೇಳುತ್ತಿರಲಿಲ್ಲ.

೨೦೦೪ರಲ್ಲಿ ಎರಡು ಭಾನುವಾರ ಅಭ್ಯಾಸವಿಲ್ಲ ಎಂದು ಶಿವಶಂಕರ್ ಹೇಳಿಕಳಿಸಿದ. ಮೂರನೆಯ ವಾರ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಶ್ರೀನಿವಾಸಪುರದ ಕಾರ್ಯಕ್ರಮದ ಪೋಸ್ಟರ್ ಕಂಡಿತು. ಫೋಟೋದಲ್ಲಿ ನಾಲ್ವರಿದ್ದರು. ಅವಳಿರಲಿಲ್ಲ, ಇನ್ನೊಂದು ಗಿಟಾರ್ ಹಿಡಿದ ಹೊಸಬನಿದ್ದ.

ಮೃದುಲಾ ಅದನ್ನು ಎರಡು ಸಲ ಓದಿದಳು. ಕಾರ್ಯಕ್ರಮದ ದಿನ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ತಾನು ನುಡಿಸುತ್ತಿದ್ದ ಜಾಗವನ್ನೆಲ್ಲ ಹೊಸ ಗಿಟಾರ್ ತುಂಬಿತ್ತು. ತಪ್ಪು ಹುಡುಕುತ್ತ ಕೇಳಿದಳು. ಮೂರನೆಯ ಹಾಡಿನ ಹೊತ್ತಿಗೆ ಹುಡುಕುವುದನ್ನು ಬಿಟ್ಟಳು. ಚೆನ್ನಾಗಿಲ್ಲದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಕೊನೆಗೆ ವೇದಿಕೆಯ ಹಿಂದೆ ಹೋದಳು. ವೈರು ಸುತ್ತುತ್ತಿದ್ದ ಶಿವಶಂಕರ್ ಅವಳನ್ನು ಕಂಡು ಸುತ್ತುವುದನ್ನು ನಿಲ್ಲಿಸಿದ.

"ಚೆನ್ನಾಗಿತ್ತು ಕಣೋ," ಎಂದಳು. "ಆದ್ರೆ ನೀನೇ ಬಂದು ಹೇಳ್ಬೇಕಾಗಿತ್ತು."

"ನಿಮ್ಮ ಮುಂದೆ ನಿಂತು ಹೇಳೋಕೆ ಆಗ್ಲಿಲ್ಲ ಅಕ್ಕ."

ಅವಳು ಹೊಸಬನ ಹೆಸರು ಕೇಳಿ ತಿಳಿದುಕೊಂಡು ಹೊರಟಳು.

ಒಂದು ವರ್ಷ ಕೀಬೋರ್ಡಿನ ಚೀಲ ಬಿಚ್ಚಲಿಲ್ಲ. ಆಮೇಲೆ ಕೋಲಾರದ ಡ್ರಮ್ಮರ್ ನಂದಿತಾ, ಗಿಟಾರ್ ಇಲ್ಲದೆ ಇಬ್ಬರೇ ನುಡಿಸೋಣವೇ ಎಂದು ಕೇಳಿದಳು. ಮೃದುಲಾ ಯೋಚಿಸಿ ಹೇಳುತ್ತೇನೆಂದು ಕಳಿಸಿ, ಅಂದು ಸಂಜೆಯೇ ಹೂಂ ಅಂದಳು.

೨೦೦೮ರಲ್ಲಿ ಮಾಲೂರಿನಲ್ಲಿ ಎರಡೂ ತಂಡಗಳು ಒಂದೇ ವೇದಿಕೆಗೆ ಬಂದವು. ಮೃದುಲಾಗೆ ಆಗ ನಲವತ್ತೊಂದು. ಅವಳದೂ ನಂದಿತಾಳದೂ ಮೊದಲು ಮುಗಿಯಿತು. ಜನ ಇನ್ನೊಂದು ಹಾಡು ಕೇಳಿದರು, ನುಡಿಸಿದರು. ಶಿವಶಂಕರ್ ವೇದಿಕೆಯ ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೆಂಪಿಟ್ಟಿಗೆಯ ಎರಡು ಹಾಡುಗಳನ್ನು ಕೆಳಗೆ ಕುರ್ಚಿಯಲ್ಲಿ ಕೂತು ಕೇಳಿ ಮೃದುಲಾ ಎದ್ದಳು. ಮರುದಿನ ಹತ್ತನೇ ಕ್ಲಾಸಿಗೆ ಪರೀಕ್ಷೆಯಿತ್ತು, ಪ್ರಶ್ನೆಪತ್ರಿಕೆ ಇನ್ನೂ ಬರೆದಿರಲಿಲ್ಲ.