ಸದ್ದಾಗದ ಫ್ಯಾನು

ಅವನಿಗಿಂತ ಮೊದಲು ಅವನ ದನಿ ಅಂಗಡಿಯೊಳಕ್ಕೆ ಬಂತು. "ಯಾರಮ್ಮ ಇಲ್ಲಿ? ಈ ಕಂಪ್ಯೂಟರ್ ಡಬ್ಬ ವಿಮಾನ ಹಾರಿಸ್ದಂಗೆ ಕಿರುಚುತ್ತೆ!"

ಕಂಪ್ಯೂಟರ್ ಬಿಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಇದೇ ದನಿ ಅವಳ ಮನೆಯಲ್ಲಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು, "ಫ್ಯಾನ್ ಹಾಕ್ಕೊಳ್ಳದೆ ಕೆಲಸ ಮಾಡಿದ್ರೆ ಯಾರೇನು ಮಾಡೋಕಾಗುತ್ತೆ" ಎಂದಿತ್ತು. ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಥಿನ್ನರಿನ ಆವಿ ತುಂಬಿ ಅವಳ ಗಂಡ ಸತ್ತು ಆಗ ಮೂರು ದಿನ. ತನಿಖೆಯ ವರದಿಯೂ ಅದನ್ನೇ ಬರೆಯಿತು: ಆವಿ ಎಳೆಯುವ ಫ್ಯಾನು ಸರಿಯಾಗಿತ್ತು, ಹಾಕಿಕೊಳ್ಳದ್ದು ಮೃತನ ತಪ್ಪು. ಆ ಒಂದು ಸಾಲನ್ನು ಹೊಡೆದುಹಾಕಿಸಲು ಅವಳು ಹತ್ತದ ಮೆಟ್ಟಿಲಿಲ್ಲ. ಎಲ್ಲರೂ ಪುರಾವೆ ಕೇಳಿದರು. ಗಂಡನ ಜೊತೆ ಕೆಲಸ ಮಾಡಿದವರು ಬಾಯಿಗೆ ಬೀಗ ಹಾಕಿಕೊಂಡರು.

ಆ ಕಾರ್ಖಾನೆಯ ಮ್ಯಾನೇಜರಾದ ಇವನು ಆವತ್ತು ಅವಳ ಮುಖ ನೋಡಿರಲಿಲ್ಲ, ಮೊಬೈಲು ನೋಡುತ್ತಿದ್ದ. ಈಗಲೂ ಗುರುತು ಹಿಡಿಯಲಿಲ್ಲ.

"ಏನ್ ಕೆಲಸ ಮಾಡ್ತೀರಿ ಸರ್ ಇದ್ರಲ್ಲಿ?"

"ಮೊಮ್ಮಗಳ ವಿಡಿಯೊ ಜೋಡಿಸ್ತೀನಿ. ಐದು ನಿಮಿಷಕ್ಕೇ ಶುರುವಾಗುತ್ತೆ ಇದರ ರಂಪ. ನೀರಲ್ಲಿ ತಣ್ಣಗೆ ಮಾಡೋದು ಬಂದಿದೆಯಂತಲ್ಲ, ಅದನ್ನೇ ಹಾಕಿಬಿಡಿ."

"ನೀರು ತಿರುಗಿಸೋಕೆ ಪಂಪ್ ಬೇಕು ಸರ್. ಅದೂ ಗುಂಯ್ ಅನ್ನುತ್ತೆ."

"ಫ್ಯಾನೇ ಇಲ್ಲದ್ದು ಕೊಡಿ ಹಾಗಾದ್ರೆ."

"ಫ್ಯಾನಿಲ್ಲದೆ ಇಷ್ಟು ಕೆಲಸ ಮಾಡಿಸಿದ್ರೆ ಒಳಗಿರೋದು ಬದುಕಲ್ಲ ಸರ್."

ಅವನು ನಕ್ಕ. ಅವಳು ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗೆ ಸ್ಕೇಲ್ ಇಟ್ಟಳು. ಹದಿನೇಳು ಸೆಂಟಿಮೀಟರ್ ಎತ್ತರಕ್ಕೆ ಜಾಗವಿತ್ತು. ಕಪಾಟಿನ ಹೆಗಲೆತ್ತರದ ಹಲಗೆಯಿಂದ ಹೊಸ ಕೂಲರಿನ ಪೆಟ್ಟಿಗೆಯೊಂದನ್ನು ಇಳಿಸಿದಳು: ತೆಳು ಅಲ್ಯುಮಿನಿಯಂ ಪದರಗಳ ಗೋಪುರ, ಅದರ ಮೈಗೆ ಊಟದ ತಟ್ಟೆಯಷ್ಟಲ್ಲದಿದ್ದರೂ ಅಂಗೈಗಿಂತ ಅಗಲದ ಫ್ಯಾನು.

"ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದ್ರೂ ಸಾಕಷ್ಟು ಗಾಳಿ ಬರುತ್ತೆ. ನಿಮ್ಮದು ಚಿಕ್ಕದು, ಓಡಿ ಓಡಿ ಸಾಯ್ತಾ ಇದೆ, ಅದಕ್ಕೇ ಕೂಗಾಟ."

"ಸದ್ದಾದ್ರೆ ವಾಪಸ್ ತರ್ತೀನಿ ನೋಡಿ."

"ಅದಕ್ಕೇ ಫಾರಂ ತುಂಬಿಸ್ಕೊಳ್ಳೋದು," ಎಂದರು ಗಲ್ಲಾದ ಹತ್ತಿರವಿದ್ದ ಅಂಗಡಿಯ ಯಜಮಾನರು. ಅವರು ಅವಳ ಗಂಡನ ಚಿಕ್ಕಪ್ಪ. ಒಬ್ಬೊಬ್ಬರ ಕಿವಿಗೆ ಸದ್ದೆಂದರೆ ಒಂದೊಂದು ಅಂತ ಕಂಡುಕೊಂಡು, ಯಾವ ಸದ್ದು ಆಗದು, ಎಷ್ಟು ಆಗದು ಎಂಬುದನ್ನು ಗಿರಾಕಿಯ ಬಾಯಿಮಾತಿನಲ್ಲೇ ಬರೆದು ಸಹಿ ಹಾಕಿಸುವ ಪದ್ಧತಿ ಮಾಡಿದ್ದರು. "ಮೊನ್ನೆ ಒಬ್ಬರು ಬರೆಸಿದ್ರು, ಹೆಂಡತಿ ಗೊರಕೆ ಪರವಾಗಿಲ್ಲ, ಫ್ಯಾನ್ ಮಾತ್ರ ಆಗಲ್ಲ ಅಂತ."

ಅವಳು ಪೆನ್ನು ತೆಗೆದಳು. "ಹೇಳಿ ಸರ್. ಮನೇಲಷ್ಟೇನಾ, ಕೆಲಸದ ಕಡೆಯೂ ಫ್ಯಾನ್ ಸದ್ದು ಆಗಲ್ವಾ?"

"ಎಲ್ಲೂ ಆಗಲ್ಲಮ್ಮ! ನಮ್ಮ ಕಾರ್ಖಾನೇಲಿ ಪೇಂಟ್ ರೂಮಿನ ಫ್ಯಾನ್ ನನ್ನ ಗೋಡೆ ಆಚೆಗೇ. ಫೋನ್ ಬಂತೂಂದ್ರೆ ಆಫ್ ಮಾಡ್ತೀನಿ."

"ಆಫ್ ಮಾಡೋಕೆ ಪೇಂಟ್ ರೂಮಿಗೆ ಹೋಗ್ಬೇಕಲ್ವಾ?"

"ಎಲ್ಲಿಗೂ ಹೋಗ್ಬೇಕಿಲ್ಲ. ಸ್ವಿಚ್ಚೇ ನನ್ನ ರೂಮಿಗೆ ಹಾಕಿಸ್ಕೊಂಡಿದೀನಿ. ಮೂರು ವರ್ಷ ಆಯ್ತು."

"ಅಲ್ಲಿಯವರು ಹಾಕ್ಕೊಳ್ಳೋಕಾಗಲ್ಲ?"

"ನಾನ್ ಬಿಟ್ರೆ ತಾನೇ!"

ಅವಳು ಒಂದಕ್ಷರ ಬಿಡದೆ ಬರೆದಳು. ಅವನು ಹೆಸರು, ಹುದ್ದೆ, ತಾರೀಕು ತುಂಬಿ ಓದದೆ ಸಹಿ ಜಡಿದ. ಚಿಕ್ಕಪ್ಪ ಗಲ್ಲಾ ಬಿಟ್ಟು ಎದ್ದು ನಿಂತಿದ್ದರು. ಅವರ ಮುಖದ ನಗು ಇಂಗಿಹೋಗಿತ್ತು.

ಹಳೆಯ ಫ್ಯಾನು ಕಳಚಿ, ಪ್ರೊಸೆಸರಿನ ಮೇಲೆ ಒಣಗಿದ್ದ, ಶಾಖ ದಾಟಿಸುವ ಪೇಸ್ಟ್ ಒರೆಸಿದಳು. ಹೊಸ ಕೂಲರಿನ ತಳಕ್ಕೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಕೀಳದೆ ಕೂರಿಸಿದರೆ ಶಾಖ ಮೇಲೇರದು. ಕಂಪ್ಯೂಟರ್ ಮತ್ತೆ ಮತ್ತೆ ಕಣ್ಣುಮುಚ್ಚುತ್ತದೆ. ಹೊಸಬರು ಮಾಡುವ ತಪ್ಪು. ಯಾರೂ ಅನುಮಾನ ಪಡುವುದಿಲ್ಲ. ಹಾಳೆಯ ಅಂಚಿನಲ್ಲಿ ಅವಳ ಉಗುರು ನಿಂತಿತು.

ಇಷ್ಟು ಅಗ್ಗಕ್ಕೆ ಇವನನ್ನು ಬಿಡಲೇ? ಯಂತ್ರ ಕೆಟ್ಟರೆ ದೂರು ಕೊಡುವವನು ಇವನಾಗುತ್ತಾನೆ. ಅವಳು ಹಾಳೆ ಕಿತ್ತೆಸೆದಳು. ಕಾಳಿನಷ್ಟು ಪೇಸ್ಟ್ ಹಾಕಿ, ಕೂಲರ್ ಕೂರಿಸಿ, ನಾಲ್ಕೂ ಸ್ಕ್ರೂ ಓರೆಕೋರೆಯಾಗದಂತೆ ಸಮವಾಗಿ ಬಿಗಿದಳು. ಕಂಪ್ಯೂಟರ್ ಚಾಲೂ ಆಯಿತು. ವಿಡಿಯೊ ಹತ್ತು ನಿಮಿಷ ಓಡಿತು. ಅವನು ಕಿವಿ ತಂದು ಡಬ್ಬಕ್ಕೆ ಒತ್ತಿದ.

"ಅಬ್ಬಾ! ನಡೀತಿದೆಯೋ ಇಲ್ವೋ ಗೊತ್ತೇ ಆಗಲ್ಲ. ಭೇಷ್!"

"ಪೇಂಟ್ ರೂಮಲ್ಲಿ ಸತ್ತೋರು ನನ್ನ ಗಂಡ," ಎಂದಳು. "ಸ್ವಿಚ್ ನಿಮ್ಮ ರೂಮಲ್ಲಿದ್ರೆ ಅವ್ರು ಎಲ್ಲಿಂದ ಹಾಕ್ಕೊಳ್ಬೇಕಿತ್ತು ಸರ್?"

ಅವನು ಮೊದಲ ಸಲ ಅವಳ ಮುಖ ನೋಡಿದ. "ತಂಗೀ... ಏನೋ ಮಾತಿಗೆ ಅಂದೆ. ಆ ಕಾಗದ ಇಲ್ಲಿ ಕೊಡಿ, ಹರಿದು ಬೇರೆ ಬರೆಯೋಣ."

"ಆಗಲೇ ತಂಗಿ ಆಗ್ಬಿಟ್ನಾ?"

ಅವನ ಕೈ ಕೌಂಟರಿನ ಮೇಲೆ ಬಂತು. ಚಿಕ್ಕಪ್ಪ ಅದರ ಮೇಲೆ ತಮ್ಮ ಕೈ ಇಟ್ಟರು. "ನೀ ಹೋಗಮ್ಮ. ಇಲ್ಲಿ ನಾನಿದೀನಿ. ಬೇಕಾದ್ರೆ ನಾನೂ ಬಂದು ಹೇಳ್ತೀನಿ, ಈ ಕಿವಿಯಾರೆ ಕೇಳಿದೀನಿ."

ಕಾರ್ಮಿಕ ಇಲಾಖೆಯ ಕಚೇರಿ ಎರಡು ಬೀದಿ ಆಚೆ. ಅವಳು ಓಡಲಿಲ್ಲ. ಹಿಂದಿನಿಂದ "ಮೇಡಂ, ಮೇಡಂ" ಎಂದು ಬರುತ್ತಿದ್ದ ದನಿಗೆ ತಿರುಗಲೂ ಇಲ್ಲ. ಹನ್ನೊಂದು ತಿಂಗಳಿಂದ ಮರಗಟ್ಟಿದ್ದ ಎದೆಯಲ್ಲಿ ಏನೋ ಬಿಸಿ ಹರಿಯಿತು. ಅದು ದುಃಖವಲ್ಲ, ಸೇಡು ತೀರಿದ ಖುಷಿಯೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ನಾಚಿಕೆಯೂ ಆಗಲಿಲ್ಲ.

"ಮತ್ತೆ ಬಂದ್ರಾ?" ಎಂದ ಗುಮಾಸ್ತ. "ಪುರಾವೆ ಇಲ್ದೆ ಕೇಸ್ ತೆರೆಯೋಕಾಗಲ್ಲ ಅಂತ ಹೇಳಿದ್ನಲ್ಲ."

ಅವಳು ಫಾರಂ ಅವನ ಮುಂದೆ ಬಿಡಿಸಿಟ್ಟು, ಸಹಿಯ ಮೇಲೆ ಬೆರಳಿಟ್ಟಳು.

"ಓದಿ. ಗಟ್ಟಿಯಾಗಿ."